ತಾಯಿ ಇರುವವರು ಕೈಮುಗಿದು ಕೂರಿ

ವ್ಯಾಸರಾಜನ ತಾಯಿ ತೀರಿಕೊಂಡ ದಿನ ಮೈಸೂರು ಅರಮನೆಯ ಹನ್ನೆರಡು ಆನೆಗಳು ಮೇವು ಮುಟ್ಟಲಿಲ್ಲ. ಮಾರುಕಟ್ಟೆಯ ಹೂವಾಡಗಿತ್ತಿಯರು ಅಂದು ಕಟ್ಟಿದ ಮಲ್ಲಿಗೆಯಲ್ಲಿ ಒಂದು ಮೊಳವನ್ನೂ ಮಾರದೆ ಅಷ್ಟನ್ನೂ ಒಂಟಿಕೊಪ್ಪಲಿನ ಅವರ ಮನೆಗೆ ಕಳಿಸಿಬಿಟ್ಟರು. ಹೂವಿನ ಭಾರಕ್ಕೆ ಚಟ್ಟದ ಬಿದಿರು ಎರಡು ಸಲ ಮುರಿಯಿತು. ಮೆರವಣಿಗೆಯ ತಲೆ ಸ್ಮಶಾನ ಮುಟ್ಟಿದಾಗ ಬಾಲ ಇನ್ನೂ ಮನೆಯ ಹೊಸಿಲಲ್ಲಿ ಚಪ್ಪಲಿ ಹುಡುಕುತ್ತಿತ್ತು.

‘ಹೋದ್ ವರ್ಷ ಹದಿನೆಂಟ್ ಆನೆ ಅಂದಿದ್ರಿ ಸಾರ್,’ ಅಂದ ಪಕ್ಕದ ಚಾಪೆಯಲ್ಲಿದ್ದ ಮಧ್ವೇಶ, ದರ್ಭೆಯ ಉಂಗುರವನ್ನು ಬೆರಳಿಗೆ ತುರುಕುತ್ತ. ‘ಆರು ಎಲ್ಲೋದ್ವು?’

‘ಆರು ಮರಿ ಕಣಯ್ಯ. ಮರಿಗಳಿಗೇನ್ ತಿಳಿಯತ್ತೆ, ಅವು ತಿಂದ್ವು.’

ಸುತ್ತಲಿನ ನಾಲ್ಕು ಚಾಪೆಗಳು ನಕ್ಕವು. ಈ ಸಲದ ಮಹಾಲಯ ಅಮಾವಾಸ್ಯೆ ಭಾನುವಾರವೇ ಬಿದ್ದಿದ್ದರಿಂದ ಕ್ಯಾಲಿಫೋರ್ನಿಯಾದ ನೆವಾರ್ಕಿನ ಗೋದಾಮಿನಂಥ ಬಾಡಿಗೆ ಹಾಲಿನಲ್ಲಿ ನಾಲ್ಕು ಸಾವಿರ ಗಂಡಸರು ಸೇರಿದ್ದರು. ಚಾಪೆ ಎಣಿಸಿ ನೋಡಿದರೆ ನಲವತ್ತೆಂಟು. ಒಬ್ಬೊಬ್ಬರ ಮುಂದೂ ಒಂದು ಅಲ್ಯುಮಿನಿಯಂ ಟ್ರೇ, ಒಂದು ಪೇಪರ್ ಕಪ್ಪಿನಲ್ಲಿ ನೀರು, ಇನ್ನೊಂದರಲ್ಲಿ ಕರಿ ಎಳ್ಳು. ಪಂಚೆಯ ಕೆಳಗಿನಿಂದ ಕಾಲುಚೀಲ ಇಣುಕುತ್ತಿದ್ದವರು ಅರ್ಧ. ಮುಂದುಗಡೆ, ಎತ್ತರದ ಮಣೆಯ ಮೇಲೆ, ವಾರದ ಐದು ದಿನ ಸಾಫ್ಟ್‌ವೇರು ಪರೀಕ್ಷಿಸಿ ಶನಿವಾರ ಭಾನುವಾರ ಪುರೋಹಿತರಾಗುವ ಶಶಿಧರ ಭಟ್ಟರು ಮೈಕನ್ನು ತಟ್ಟಿ ತಟ್ಟಿ ನೋಡುತ್ತಿದ್ದರು. ಆ ತಟ್ಟುವ ಶಬ್ದ ತನ್ನ ಎದೆಯೊಳಗಿನಿಂದ ಬರುತ್ತಿದೆಯೆಂದು ವ್ಯಾಸರಾಜನಿಗೆ ಬೆಳಗಿನಿಂದ ಎರಡನೆಯ ಸಲ ಅನ್ನಿಸಿತು. ಮೊದಲ ಸಲ ಅನ್ನಿಸಿದ್ದು ಇಲ್ಲಿಗೆ ಬರುವಾಗ, ಮಗಳು ಗಾರ್ಗಿ ಸ್ಟಾಪ್ ಸೈನಿನಲ್ಲಿ ಕಾರು ನಿಲ್ಲಿಸಿ, ಅವನ ಕಡೆ ತಿರುಗಿ, ಏಳು ತಿಂಗಳ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಹೇಳಿದಾಗ. ‘ಅಪ್ಪ, ನೇಮ್ ಡಿಸೈಡ್ ಆಯ್ತು. ಗೌತಮ್ ಕೂಡ ಓಕೆ ಅಂದ. ಮೈಥಿಲಿ. ನಿನ್ನ ಅಮ್ಮನ್ ಹೆಸ್ರು.’ ಗೌತಮ್ ಅವಳ ಗಂಡ, ಯಾವುದಕ್ಕೂ ಓಕೆ ಅನ್ನುವವನು. ವ್ಯಾಸರಾಜ ಭೇಷ್ ಅನ್ನಬೇಕಿತ್ತು. ಮೈಥಿಲಿ ಅನ್ನುವ ಹೆಸರು ಕೇಳಿ ಒಮ್ಮೆ ಕಾವೇರಿಯೇ ಅರ್ಧ ಗಳಿಗೆ ನಿಂತಿತ್ತು ಎಂದಾದರೂ ಹೇಳಬೇಕಿತ್ತು. ಬಾಯಿಗೆ ಬಂದದ್ದು, ‘ಹಿಂದಿನೋನು ಹಾರ್ನ್ ಹೊಡೀತಿದಾನೆ ನೋಡು,’ ಎಂಬ ಒಂದು ಮಾತು. ಹಿಂದೆ ಯಾವ ಕಾರೂ ಇರಲಿಲ್ಲ.

ಈಗ ಅವಳು ಹಾಲಿನ ಹಿಂದುಗಡೆ ಮಡಚುವ ಕುರ್ಚಿಯಲ್ಲಿ ಕೂತಿದ್ದಳು. ಊಟದ ಉಸ್ತುವಾರಿಯ ಸರೋಜಿನಿ ಅವಳ ಮೇಲೆ ಹಾಯುತ್ತಿದ್ದುದು ಇಲ್ಲಿಯವರೆಗೂ ಕೇಳುತ್ತಿತ್ತು. ‘ಬಸುರಿ ಹೆಂಗಸು ಎಳ್ಳುನೀರು ಬಿಡೋ ಜಾಗಕ್ಕೆ ಬರ್ತಾರೇನೇ? ನಿಮ್ಮಮ್ಮ ಹಂಸಾ ಏನೂ ಹೇಳಲಿಲ್ವಾ?’ ‘ಅಮ್ಮಂಗೆ ಓಕ್ಲ್ಯಾಂಡ್ ಹಾಸ್ಪಿಟಲ್ ಡ್ಯೂಟಿ ಆಂಟಿ. ಅಪ್ಪಂಗೆ ಕಣ್ಣು ಸರ್ಜರಿ, ನೋ ಡ್ರೈವಿಂಗ್. ಐ ಆಮ್ ಜಸ್ಟ್ ದ ಡ್ರೈವರ್.’ ಪೊರೆ ತೆಗೆಸಿದ ಮೇಲೆ ವ್ಯಾಸರಾಜನಿಗೆ ಎಲ್ಲವೂ ಬೇಡವೆಂದರೂ ಸ್ಪಷ್ಟ ಕಾಣುತ್ತಿತ್ತು. ಕಪ್ಪಿನೊಳಗಿನ ಎಳ್ಳು ಒಂದೊಂದೂ ಬೇರೆ ಬೇರೆಯಾಗಿ, ಸಣ್ಣ ಸಣ್ಣ ಕಣ್ಣುಗಳ ಹಾಗೆ ಅವನನ್ನೇ ನೋಡುತ್ತಿದ್ದವು.

ತಾಯಿಯನ್ನು ಅವನು ಇದುವರೆಗೆ ನಾಲ್ಕು ಥರ ಸಾಯಿಸಿದ್ದ. ಹಂಸಾಳಿಗೆ, ಮದುವೆಗೆ ಮುಂಚೆ, ವಿಷಮಶೀತಜ್ವರ ಎಂದಿದ್ದ. ಅವಳು ಡಾಕ್ಟರು, ಎಷ್ಟು ದಿನ ಜ್ವರ ಬಂತು ಎಂದು ಕೇಳಿದಾಗ ತೊಂಬತ್ತು ಅಂದುಬಿಟ್ಟು, ಅವಳ ಹುಬ್ಬು ಏರಿದ್ದು ನೋಡಿ ಒಂಬತ್ತಕ್ಕೆ ಇಳಿಸಿದ್ದ. ಆಫೀಸಿನವರಿಗೆ ಸಿಡಿಲು. ಕನ್ನಡ ಸಂಘದವರಿಗೆ ಆನೆ, ಮಲ್ಲಿಗೆ, ಮೆರವಣಿಗೆ ಸಾಕಾಗಿತ್ತು, ಕಾರಣ ಯಾರೂ ಕೇಳಲಿಲ್ಲ. ಗಾರ್ಗಿಗೆ ಮಾತ್ರ ಅತ್ಯುತ್ತಮವಾದದ್ದನ್ನೇ ಕೊಟ್ಟಿದ್ದ: ಅವಳ ಅಜ್ಜಿ ಶ್ರೀರಂಗಪಟ್ಟಣದಲ್ಲಿ ಮುಳುಗುತ್ತಿದ್ದ ಮಕ್ಕಳನ್ನು ಎಳೆದು ದಡಕ್ಕೆ ಹಾಕಿ ತಾನು ಸುಳಿಗೆ ಸಿಕ್ಕಿದಳು. ಗಾರ್ಗಿ ಕಿಂಡರ್‌ಗಾರ್ಟನ್ನಿನಲ್ಲಿದ್ದಾಗ ಮಕ್ಕಳು ಇಬ್ಬರಿದ್ದರು. ಅವಳು ಕಾಲೇಜು ಮುಟ್ಟುವ ಹೊತ್ತಿಗೆ ಏಳು ಆಗಿದ್ದರು. ಆ ಕಥೆ ಕೇಳಿ ಅವಳು ಈಜು ಕಲಿತಳು, ಬೇಸಿಗೆಯಲ್ಲಿ ಪೂಲಿನ ಲೈಫ್‌ಗಾರ್ಡ್ ಆದಳು, ಅರ್ಜಿಯಲ್ಲಿ ಅಜ್ಜಿಯ ಬಗ್ಗೆ ಎರಡು ಪುಟ ಬರೆದಳು. ಅದನ್ನು ಓದಲು ಕೊಟ್ಟಾಗ ವ್ಯಾಸರಾಜ ಬಾತ್‌ರೂಮಿಗೆ ಹೋಗಿ ನಲ್ಲಿ ತಿರುಗಿಸಿಕೊಂಡು ನಿಂತಿದ್ದ. ತಂದೆಯ ದುಃಖವೆಂದು ಅವಳು ತಿಳಿದಳು.

ಆಕೆ ಸತ್ತಿರಲಿಲ್ಲ. ಅವನಿಗೆ ಒಂಬತ್ತು ವರ್ಷವಾಗಿದ್ದಾಗ, ಮಹಡಿಯ ಕೋಣೆಯಲ್ಲಿ ಬಾಡಿಗೆಗಿದ್ದ ವೈಕುಂಠನೆಂಬ ಮಂಗಳೂರಿನ ಕೊಂಕಣಿ ಬ್ಯಾಂಕ್ ಗುಮಾಸ್ತನ ಜೊತೆ ಬೆಳಗಿನ ಬಸ್ಸಿನಲ್ಲಿ ಹೋದಳು, ಅಷ್ಟೆ. ಆನೆಗಳು ಅಂದು ಚೆನ್ನಾಗಿ ತಿಂದಿರಬೇಕು. ಈಗ ಆಕೆಗೆ ಎಂಬತ್ತನಾಲ್ಕು. ಇಲ್ಲಿಂದ ಮೂವತ್ತೊಂದು ನಿಮಿಷ ದೂರದ ಕ್ಯಾಂಪ್‌ಬೆಲ್ಲಿನಲ್ಲಿ, ವೈಕುಂಠನಿಂದ ಹುಟ್ಟಿದ ಮಗಳು ಅಮಿತಾಳ ಅಪಾರ್ಟ್‌ಮೆಂಟಿನ ಎರಡನೇ ಮಹಡಿಯಲ್ಲಿ ಇದ್ದಾಳೆ.

ಮೂರು ವರ್ಷದ ಹಿಂದೆ ಸಂಘದ ಡೈರೆಕ್ಟರಿಯಲ್ಲಿ ನಂಬರು ಹುಡುಕಿ ಅಮಿತಾ ಫೋನು ಮಾಡಿದ್ದಳು. ‘ಒಂಟಿಕೊಪ್ಪಲಿನ ವ್ಯಾಸರಾಜ ಅಲ್ವಾ ಮಾತಾಡುದು? ಅಮ್ಮ ನನ್ನೊಟ್ಟಿಗೆ ಇದ್ದಾರೆ. ಒಮ್ಮೆ ನೋಡ್ಬೇಕಂತೆ.’ ಅವನು ರಾಂಗ್ ನಂಬರ್ ಅಂದಿದ್ದ. ಕನ್ನಡದಲ್ಲಿ ಕೇಳಿದ ಪ್ರಶ್ನೆಗೆ ಅಷ್ಟು ಬೇಗ ರಾಂಗ್ ನಂಬರ್ ಅಂದವನು ರೈಟ್ ನಂಬರೇ ಆಗಿರಬೇಕೆಂದು ಆ ಕಡೆಯವಳಿಗೆ ತಿಳಿಯದಿರಲು ಆಕೆಯೇನು ಹಸುಳೆಯೆ? ವಿಳಾಸವನ್ನು ಮೆಸೇಜು ಮಾಡಿದಳು, ಮತ್ತೆ ಕರೆಯಲಿಲ್ಲ. ಆಮೇಲೆ ಅವನು ತಿಂಗಳಿಗೊಮ್ಮೆ ಗ್ರೋಸರಿಗೆಂದು ಹೊರಟು ಕ್ಯಾಂಪ್‌ಬೆಲ್ಲಿಗೆ ಹೋಗಿ, ರಸ್ತೆಯ ಈಚೆ ಮರದ ಕೆಳಗೆ ಕಾರು ನಿಲ್ಲಿಸಿಕೊಂಡು ಕೂರತೊಡಗಿದ. ಬಾಲ್ಕನಿಯಲ್ಲಿ ಒಂದು ತಲೆ, ಬೆಳ್ಳಗೆ. ಒಮ್ಮೆ ಒಂದು ಕೈ, ಟವೆಲು ಹಿಂಡುತ್ತಿದ್ದದ್ದು. ಕೈಯನ್ನು ಅವನು ಗುರುತಿಸಿದ. ಗುರುತಿಸಿದ್ದಕ್ಕೆ ಹೆದರಿ ಸಿಗ್ನಲು ಕೆಂಪಿದ್ದರೂ ಹೊಡೆದುಕೊಂಡು ಹೋದ.

‘ಜನಿವಾರ ಬಲಗಡೆ ಹಾಕ್ಕೊಳಿ,’ ಎಂದಿತು ಮೈಕು. ನಲವತ್ತೆಂಟು ಕೈಗಳು ಭುಜ ತಡಕಿದವು. ತಂದೆ, ತಾತ, ಮುತ್ತಾತ. ಹೆಬ್ಬೆರಳು ತೋರುಬೆರಳ ನಡುವಿನಿಂದ ಎಳ್ಳುನೀರು ಟ್ರೇಗೆ ಜಾರುವಾಗ ವ್ಯಾಸರಾಜ ಎಲ್ಲರಿಗಿಂತ ಗಟ್ಟಿಯಾಗಿ ಹೆಸರು ಹೇಳುತ್ತಿದ್ದ. ಅದು ಅವನ ಹುಟ್ಟುಗಂಟಲು, ಗುಟ್ಟು ಹೇಳಿದರೂ ಪಕ್ಕದ ಬೀದಿ ತಿರುಗಿ ನೋಡುವಂಥದು. ಅಪ್ಪನ ಹೆಸರಿಗೆ ನೀರು ಸರಾಗ ಹೋಯಿತು. ಆಮೇಲೆ ಭಟ್ಟರು ಪ್ರತಿವರ್ಷ ಹೇಳುವುದನ್ನೇ ಹೇಳಿದರು. ‘ಈಗ ಮಾತೃವರ್ಗ. ತಾಯಿ ಇಲ್ಲದೋರು ತಾಯಿ ಹೆಸರು ಹೇಳಿ ಮೂರು ಸಲ ಬಿಡಿ. ತಾಯಿ ಇರೋರು ಬಿಡಬಾರದು. ಕೈಮುಗಿದು ಸುಮ್ಮನೆ ಕೂತಿರಿ, ಅಜ್ಜಿ ಬಂದಾಗ ಸೇರಿಕೊಳ್ಳಿ.’

ಮಧ್ವೇಶ ಕೈಮುಗಿದು ಕೂತ. ಅವನ ತಾಯಿ ಮನೆಯಲ್ಲಿ ಸೀರಿಯಲ್ ನೋಡುತ್ತ, ಮಗನ ವಡೆಗೆ ಉದ್ದು ನೆನೆಹಾಕಿ ಕೂತಿದ್ದಾಳೆ. ಮುಂದಿನ ಸಾಲಿನಲ್ಲಿ ಏಳೆಂಟು ಜನ ಹಾಗೇ ಕೈಮುಗಿದರು. ಆ ಕೈಮುಗಿದ ಬೆನ್ನುಗಳು ವ್ಯಾಸರಾಜನಿಗೆ ಯಾವಾಗಲೂ ಒಂದು ಶಾಲೆಯ ಹಾಗೆ, ಉತ್ತರ ಗೊತ್ತಿರುವ ಹುಡುಗರ ಹಾಗೆ ಕಾಣುತ್ತಿದ್ದವು. ಐದನೇ ಕ್ಲಾಸು. ಮಧ್ಯಾಹ್ನದ ಬಿಡುವು. ಗೇಟಿನ ಹತ್ತಿರ ಯಾರೋ ಹೆಂಗಸು ನಿಂತಿದ್ದಾಳೆಂದು ಹುಡುಗರು ಕರೆದರು. ರಾತ್ರಿಯಿಡೀ ಬಸ್ಸಿನಲ್ಲಿ ಕೂತು ಮುದುರಿದ ಸೀರೆ, ಬೇರೆ ಥರ ಉಟ್ಟಿದ್ದಳು, ಕೈಯಲ್ಲಿ ಒಂದು ತಗಡಿನ ಡಬ್ಬಿ. ‘ಯಾರೋ ಅದು?’ ಅಂದ ಒಬ್ಬ. ಅಷ್ಟು ಹೊತ್ತಿಗೆ ವ್ಯಾಸರಾಜ ಆ ಕ್ಲಾಸಿನಲ್ಲಿ ತಾಯಿಯಿಲ್ಲದ ಹುಡುಗನಾಗಿ ಒಂದು ವರ್ಷವಾಗಿತ್ತು. ಮೇಷ್ಟರು ಹೊಡೆಯುತ್ತಿರಲಿಲ್ಲ, ಪೆಪ್ಪರ್ಮೆಂಟು ಇದ್ದವರು ಅವನಿಗೆ ಮೊದಲು ಕೊಡುತ್ತಿದ್ದರು. ‘ಗೊತ್ತಿಲ್ಲ ಕಣೋ. ನಮ್ಮಮ್ಮ ಸತ್ತೋಗಿದಾಳೆ,’ ಅಂದ, ಅದೇ ಗಂಟಲಿನಲ್ಲಿ. ಗೇಟು ಹತ್ತು ಮಾರು ದೂರವಿತ್ತು. ಆಕೆ ಡಬ್ಬಿಯನ್ನು ಕಾಂಪೌಂಡಿನ ಮೇಲಿಟ್ಟು, ಸೆರಗು ಸರಿಮಾಡಿಕೊಂಡು, ಬಸ್ಸಿಗೆ ಹೊತ್ತಾದವಳ ಹಾಗೆ ಹೊರಟುಹೋದಳು. ಡಬ್ಬಿಯಲ್ಲಿ ಚಕ್ಕುಲಿಯಿತ್ತು. ಹುಡುಗರೆಲ್ಲ ತಿಂದರು. ಅವನೂ ಎರಡು ತಿಂದ. ಇದೊಂದನ್ನು ಅವನು ಯಾವ ಕಥೆಯಲ್ಲೂ ಹೆಚ್ಚಿಸಿಯೂ ಹೇಳಿಲ್ಲ, ಕಡಿಮೆ ಮಾಡಿಯೂ ಹೇಳಿಲ್ಲ, ಹೇಳಿಯೇ ಇಲ್ಲ. ಎರಡೇ.

‘ಸಾರ್, ಬಿಡಿ,’ ಅಂದ ಮಧ್ವೇಶ ಮೆಲ್ಲಗೆ. ‘ಮುಂದೆ ಹೋಗ್ತಿದಾರೆ.’

ಕೈಯಲ್ಲಿ ನೀರಿತ್ತು, ಎಳ್ಳು ತೇಲುತ್ತಿತ್ತು. ಬಿಡದೆ ಕೈಮುಗಿದು ಕೂತರೆ ಹಿಂದಿನ ಕುರ್ಚಿಯವಳು ಕೇಳುತ್ತಾಳೆ. ಬಿಟ್ಟರೆ, ಇಷ್ಟು ವರ್ಷ ಈ ಹೆಸರಿಗೆ ಬಿಟ್ಟ ನೀರು ಎಲ್ಲಿಗೆ ಹೋಗುತ್ತಿತ್ತು? ಸತ್ತವಳಿಲ್ಲದ ಹೆಸರು, ತಲುಪುವ ಜಾಗವಿಲ್ಲದ ನೀರು. ಕೆಲವು ವರ್ಷ ಮಹಾಲಯ ಮುಗಿದ ರಾತ್ರಿ ಅವನಿಗೆ ಕುಡಿಯುವ ನೀರಿನಲ್ಲಿ ಎಳ್ಳಿನ ವಾಸನೆ ಬರುತ್ತಿತ್ತು. ಮಂಗಳೂರಿನಲ್ಲೋ ಕ್ಯಾಂಪ್‌ಬೆಲ್ಲಿನಲ್ಲೋ ಒಬ್ಬ ಮುದುಕಿ ಬೆಳಿಗ್ಗೆ ಎದ್ದು, ನಾಲಿಗೆಯ ಕೆಳಗೆ ಏನೋ ಸಿಕ್ಕಿ, ಬೆರಳಿನಿಂದ ತೆಗೆದು ಬೆಳಕಿಗೆ ಹಿಡಿಯುತ್ತಾಳೆ: ಕರಿ ಎಳ್ಳು. ಯಾರಪ್ಪ ನನಗೆ ಬಿಟ್ಟವರು ಎಂದು ಸುತ್ತ ನೋಡುತ್ತಾಳೆ. ಆ ನೋಟ ಫ್ರೀವೇಯ ಮೇಲೆ ಪಕ್ಕದ ಕಾರಿನ ಕಿಟಕಿಯಲ್ಲಿ, ಲಿಫ್ಟಿನ ಕನ್ನಡಿಯಲ್ಲಿ, ಡೇಕೇರಿಗೆ ಮೊಮ್ಮಕ್ಕಳನ್ನು ಕರೆದೊಯ್ಯುವ ಅಪರಿಚಿತ ಅಜ್ಜಿಯರ ಮುಖದಲ್ಲಿ ಅವನಿಗೆ ಸಿಗುತ್ತಿತ್ತು. ಸತ್ತವರ ದೆವ್ವಕ್ಕೆ ಮಂತ್ರವುಂಟು, ನಿಂಬೆಹಣ್ಣುಂಟು. ಬದುಕಿರುವವಳ ದೆವ್ವವನ್ನು ಕಟ್ಟುವುದು ಯಾವುದರಲ್ಲಿ? ಈ ಬೆಳಿಗ್ಗೆಯಂತೂ ಆ ಹೆಸರು ಒಂಟಿಯಾಗಿಲ್ಲ. ಹಿಂದೆ, ಮಡಚುವ ಕುರ್ಚಿಯ ಮೇಲೆ, ಒಂದು ಹೊಟ್ಟೆಯೊಳಗೆ ಕೂಡ ಈಗ ಮೈಥಿಲಿ ಇದ್ದಾಳೆ, ಕಾಲು ಒದೆಯುತ್ತಾಳೆ, ಬೆರಳು ಚೀಪುತ್ತಾಳೆ. ನೀರು ಯಾವ ಮೈಥಿಲಿಯೆಂದು ವಿಚಾರಿಸಿ ಹೋಗುತ್ತದೆಯೆ? ಭಟ್ಟರು ಅವನ ಕಡೆಯೇ ನೋಡಿದರು, ಮೈಕಿನಲ್ಲೇ ಕೆಮ್ಮಿದರು. ನಲವತ್ತೇಳು ಜನ ತನಗಾಗಿ ಕಾಯುತ್ತಿದ್ದಾರೆಂಬುದು, ಅರವತ್ತಾರು ವರ್ಷದ ಗಂಡಸಿಗೆ, ಪ್ರಾಣಭಯಕ್ಕಿಂತ ದೊಡ್ಡದಾಯಿತು. ‘ಮೈಥಿಲೀ,’ ಎಂದು ಕೂಗಿಯೇಬಿಟ್ಟ. ಹಾಲಿನ ತಗಡು ಆ ಹೆಸರನ್ನು ಹಿಂದಕ್ಕೆ ಎಸೆಯಿತು. ಒಂದು. ಎರಡು. ಮೂರು.

ಪಾರ್ಕಿಂಗ್ ಲಾಟಿನಲ್ಲಿ ಬಿಸಿಲು ಜೋರಾಗಿತ್ತು. ಊಟಕ್ಕೆ ನಿಲ್ಲಿ ಅಂದವರಿಗೆಲ್ಲ ಕಣ್ಣಿನ ನೆವ ಹೇಳಿ ವ್ಯಾಸರಾಜ ಬೇಗ ಹೊರಬಿದ್ದ. ಪಂಚೆಯ ಮೇಲೆ ಜಾಕೆಟ್ಟು ಹಾಕಿಕೊಂಡು ಕೂತು ಬೆಲ್ಟು ಬಿಗಿಯುವಷ್ಟರಲ್ಲಿ ಕಾರಿನ ಸ್ಕ್ರೀನು ಬೆಳಗಿತು. ಅವನದೇ ಕಾರು, ಅವನದೇ ಫೋನು, ಯಜಮಾನ ಭಾನುವಾರ ಈ ಹೊತ್ತಿಗೆ ಎಲ್ಲಿಗೆ ಹೋಗುತ್ತಾನೆಂದು ನೆನಪಿಟ್ಟುಕೊಂಡಿದ್ದ ನಂಬಿಗಸ್ತ ಯಂತ್ರ. ಕ್ಯಾಂಪ್‌ಬೆಲ್, ಮೂವತ್ತೊಂದು ನಿಮಿಷ, ದಾರಿ ಸಲೀಸಾಗಿದೆ, ಹೊರಡೋಣವೇ ಎಂದು ಕೇಳಿತು.

ಗಾರ್ಗಿ ಬೆರಳಿನಿಂದ ಪಟ್ಟಿಯನ್ನು ಕೆಳಕ್ಕೆ ಎಳೆದಳು. ಅದೇ ವಿಳಾಸ, ಅದೇ ವಿಳಾಸ, ಅದೇ ವಿಳಾಸ. ‘ಅಪ್ಪ. ಹೂ ಲಿವ್ಸ್ ಇನ್ ಕ್ಯಾಂಪ್‌ಬೆಲ್?’

‘ಅಲ್ಲೊಂದು ಗ್ರೋಸರಿ ಇದೆ ಕಣೇ. ಅಂಥ ತೆಂಗಿನಕಾಯಿ ಇಡೀ ಕ್ಯಾಲಿಫೋರ್ನಿಯಾದಲ್ಲಿಲ್ಲ. ಒಂದೊಂದರಲ್ಲೂ ಎರಡು ಲೀಟರ್ ನೀರು.’

‘ದಿಸ್ ಇಸ್ ಆನ್ ಅಪಾರ್ಟ್‌ಮೆಂಟ್ ಕಾಂಪ್ಲೆಕ್ಸ್.’

‘ಹಳೇ ಕಲೀಗು ಒಬ್ಬ ಇದಾನೆ. ಶಿವರಾಜ. ಪಾಪ, ಎರಡು ಕಾಲೂ ಇಲ್ಲ.’

‘ಹೋದ ತಿಂಗಳು ಶಿವರಾಜ್ ಅಂಕಲ್ ನಮ್ಮನೇಲಿ ಡಾನ್ಸ್ ಮಾಡಿದ್ರು ಅಪ್ಪ.’ ಅವಳು ನಗಲಿಲ್ಲ. ‘ಅಮ್ಮಂಗೆ ಗೊತ್ತಾ? ಇಸ್ ಇಟ್ ಎ ಗರ್ಲ್‌ಫ್ರೆಂಡ್?’ ಉತ್ತರಕ್ಕೆ ಕಾಯದೆ ಅವಳು ಸ್ಕ್ರೀನನ್ನು ಒತ್ತಿದಳು. ಕಾರು ಮನೆಯ ಕಡೆ ತಿರುಗದೆ ಫ್ರೀವೇಯ ದಕ್ಷಿಣದ ರ‍್ಯಾಂಪು ಹತ್ತಿತು. ವ್ಯಾಸರಾಜ ಬಾಗಿಲ ಹಿಡಿ ಹಿಡಿದುಕೊಂಡ. ಬಲಗಡೆ ಉಪ್ಪಿನ ಗದ್ದೆಗಳು, ಕೊಲ್ಲಿಯ ಬೂದು ನೀರು. ಹೊಸ ಕಣ್ಣಿಗೆ ಆ ನೀರಿನ ಮೇಲೆಲ್ಲ ಕರಿ ಚುಕ್ಕೆಗಳು ಕಂಡವು, ಹಕ್ಕಿಗಳೇ ಇರಬೇಕು. ಮಗಳ ಕಣ್ಣಲ್ಲಿ ತಾನು ಈಗ ಹೆಂಡತಿಗೆ ಮೋಸ ಮಾಡುವ ಮುದುಕ. ಅದನ್ನು ಹಾಗೇ ಬಿಟ್ಟರೆ ನಾಲ್ಕು ದಿನ ಮನೆಯಲ್ಲಿ ಜಗಳ, ಮುಗಿಯಿತು. ಒಂದು ಕ್ಷಣ ಅದೇ ವಾಸಿ ಎಂದು, ಇಲ್ಲದ ಪ್ರೇಯಸಿಗೆ ಹೆಸರು ಕೂಡ ಹುಡುಕಿದ. ಅಂಥವನು ಅವನು.

‘ಅಲ್ಲಿ ನಿನ್ನ ಅಜ್ಜಿ ಇದಾಳೆ,’ ಅಂದ ಕೊನೆಗೆ.

‘ಯಾವ ಅಜ್ಜಿ?’

‘ಮೈಥಿಲಿ.’

ಗಾರ್ಗಿಯ ಒಂದು ಕೈ ಸ್ಟಿಯರಿಂಗು ಬಿಟ್ಟು ಹೊಟ್ಟೆಯ ಮೇಲೆ ಬಂತು. ಎರಡು ಎಕ್ಸಿಟ್ಟು ದಾಟಿದವು. ಆಮೇಲೆ, ಬಹಳ ಸಣ್ಣ ದನಿಯಲ್ಲಿ, ‘ಆ ಏಳು ಮಕ್ಕಳು?’ ಅಂದಳು.

‘ಮಕ್ಕಳೂ ಇಲ್ಲ, ಸುಳಿಯೂ ಇಲ್ಲ. ಮಹಡಿ ಮೇಲಿದ್ದವನ ಜೊತೆ ಹೋದಳು, ಅಷ್ಟೆ.’

‘ಯು ಜಸ್ಟ್ ಡಿಡ್ ದ ಥಿಂಗ್ ಫಾರ್ ಹರ್. ವಾಟರ್. ಅದು ಡೆಡ್ ಪೀಪಲ್‌ಗೆ ಅಲ್ವಾ?’

‘ನಮ್ಮಪ್ಪ,’ ಅಂದ ವ್ಯಾಸರಾಜ. ಗಂಟಲಿಗೆ ಹಳೆಯ ಕಸುವು ತಾನಾಗಿ ಬಂತು. ‘ನಮ್ಮಪ್ಪ ಸಾಯೋವಾಗ ನನ್ನ ಕೈ ಹಿಡಕೊಂಡು ಮಾತು ತಗೊಂಡರು. ಅವಳು ಸತ್ತಳು ಅಂತಲೇ ಲೆಕ್ಕ, ವರ್ಷಾವರ್ಷ ಬಿಡಬೇಕು ಅಂತ. ಮೂರು ದಿನ ಕೈ ಬಿಡಲಿಲ್ಲ. ನಾನೇನು ಮಾಡಲಿ?’

ಅವಳು ಅವನ ಮೊಣಕೈಯನ್ನು ಒಮ್ಮೆ ಮುಟ್ಟಿದಳು. ‘ದಟ್ಸ್ ಕ್ರೂಯೆಲ್,’ ಅಂದಳು. ‘ಪೂರ್ ಅಪ್ಪ.’ ಆ ಮುಟ್ಟಿದ ಜಾಗ ಕ್ಯಾಂಪ್‌ಬೆಲ್ ಬರುವವರೆಗೂ ಸುಡುತ್ತಿತ್ತು.

ಬಾಗಿಲು ತೆಗೆದವಳು ಐವತ್ತೈದರ ಹೆಂಗಸು, ಕೈಯಲ್ಲಿ ಸೌಟು. ವ್ಯಾಸರಾಜನ ಮೂಗು, ವ್ಯಾಸರಾಜನ ದೊಡ್ಡ ಕಿವಿ. ಇವನ್ನು ತನ್ನ ತಂದೆಯ ಕಡೆಯವೆಂದು ಅವನು ಜಂಬಪಡುತ್ತಿದ್ದ. ಅಮಿತಾ ಪಂಚೆಯನ್ನು ನೋಡಿದಳು, ಬಸುರಿ ಹುಡುಗಿಯನ್ನು ನೋಡಿದಳು, ಒಳಕ್ಕೆ ತಿರುಗಿ ಕೂಗಿದಳು. ‘ಅಮ್ಮಾ, ಆ ರಾಂಗ್ ನಂಬರಿನವರು ಬಂದಿದ್ದಾರೆ ನೋಡಿ.’ ಆಮೇಲೆ ಗಾರ್ಗಿಗೆ, ‘ಬಾ ಮಗಾ. ನಿಂತ್ಕೊಂಡೇ ಇರುದೆಂತ, ಕಾಲು ಬಾತದೆ ನಿಂದು,’ ಎಂದು ಕುರ್ಚಿ ಎಳೆದಳು. ಅವನಿಗೆ ಕುರ್ಚಿ ಎಳೆಯಲಿಲ್ಲ.

ಬಾಲ್ಕನಿಯ ಗಾಜಿನ ಬಾಗಿಲ ಹತ್ತಿರ ಮುದುಕಿಯೊಬ್ಬಳು ಮೊರದಲ್ಲಿ ಬೀನ್ಸ್ ಇಟ್ಟುಕೊಂಡು ನಾರು ತೆಗೆಯುತ್ತಿದ್ದಳು. ಅವನು ಕಾರಿನಿಂದ ಕಂಡದ್ದಕ್ಕಿಂತ ಬಹಳ ಚಿಕ್ಕವಳು. ಇಷ್ಟು ವರ್ಷ ಅವನನ್ನು ಲಿಫ್ಟಿನಲ್ಲಿ, ಫ್ರೀವೇಯಲ್ಲಿ ಅಟ್ಟಿದವಳು ಇಷ್ಟೇ ಇಷ್ಟು, ಸ್ವೆಟರಿನ ತೋಳು ಮಡಚಿಕೊಂಡು, ಒಂದು ಬೀನ್ಸ್ ಹುಳುಕೆಂದು ಪಕ್ಕಕ್ಕಿಟ್ಟಳು.

‘ಕೂತ್ಕೋ,’ ಅಂದಳು. ‘ಕಾರಲ್ಲಿ ಕೂತೂ ಕೂತೂ ಬೆನ್ನು ಹಿಡಿದಿರಬೇಕು. ಬೆಳ್ಳಿ ಬಣ್ಣದ್ದು ಅಲ್ವಾ? ಅಮಿತಾ ಪೊಲೀಸರಿಗೆ ಫೋನ್ ಮಾಡ್ತೀನಿ ಅಂದ್ಲು. ನಾನೇ ಬೇಡ ಅಂದೆ.’

ಅವನು ನೆಲದ ಮೇಲೆ ಕೂತ. ಆಕೆ ಅಳುತ್ತಾಳೆಂದು, ಬೈಯುತ್ತಾಳೆಂದು, ಕೈ ಚಾಚುತ್ತಾಳೆಂದು ಎಷ್ಟೋ ಥರ ಊಹಿಸಿಕೊಂಡಿದ್ದ. ಆಕೆ ಗಾರ್ಗಿಯ ಹೊಟ್ಟೆಯ ಕಡೆ ಒಮ್ಮೆ, ಅವನ ಪಂಚೆಯ ಒದ್ದೆ ಅಂಚಿನ ಕಡೆ ಒಮ್ಮೆ ನೋಡಿದಳು.

‘ಇವತ್ತು ಅಮಾವಾಸ್ಯೆ. ತರ್ಪಣ ಮುಗಿಸ್ಕೊಂಡು ಬಂದ್ಯಾ?’

‘ಹೂಂ.’

‘ಯಾರ್ಯಾರಿಗೆ ಬಿಟ್ಟೆ?’

ಮನೆಯ ಹೆಂಗಸರು ಗಂಡಸರನ್ನು ಕೇಳುವ ಸಾಮಾನ್ಯ ಪ್ರಶ್ನೆ ಅದು, ಊಟಕ್ಕೆ ಎಷ್ಟು ಜನ ಎಂದ ಹಾಗೆ. ‘ಅಪ್ಪಂಗೆ,’ ಅಂದ. ‘ತಾತಂಗೆ, ಮುತ್ತಾತಂಗೆ. ಅವರ ಅಪ್ಪಂಗೆ, ಅವರ ಅಪ್ಪಂಗೆ. ಒಟ್ಟು ಏಳು ತಲೆಮಾರು. ಭಟ್ಟರೇ ದಂಗಾಗಿ ಹೋದರು.’

‘ಆಮೇಲೆ?’

‘ಅಷ್ಟೇ.’

‘ಅಪ್ಪ,’ ಅಂದಳು ಗಾರ್ಗಿ ಕುರ್ಚಿಯಿಂದ. ‘ನಂಗೆ ಕೇಳಿಸ್ತು. ಇಡೀ ಹಾಲ್‌ಗೆ ಕೇಳಿಸ್ತು.’

ಅಡಿಗೆಮನೆಯಲ್ಲಿ ಸೌಟಿನ ಸದ್ದು ನಿಂತಿತು. ಮುದುಕಿಯ ಕೈ ಮಾತ್ರ ನಿಲ್ಲಲಿಲ್ಲ. ಒಂದು ಬೀನ್ಸ್ ಮುರಿಯಿತು, ನಾರು ಉದ್ದಕ್ಕೆ ಬಂತು, ಇನ್ನೊಂದು ಮುರಿಯಿತು. ಹತ್ತು ಮಾರು ದೂರದ ಗೇಟಿನಲ್ಲಿ ನಿಂತು ಕೇಳಿಸಿಕೊಂಡವಳಿಗೆ ಇದು ಹೊಸದಲ್ಲ ಎಂಬುದು ಅವನಿಗೆ ಆ ಕೈ ನೋಡಿಯೇ ಗೊತ್ತಾಯಿತು.

‘ನಿಮ್ಮಪ್ಪ ಹೇಳಿಕೊಟ್ಟಿದ್ದಾ?’ ಅಂದಳು ತಲೆಯೆತ್ತದೆ.

‘ಹೌದಜ್ಜಿ,’ ಅಂದಳು ಗಾರ್ಗಿ, ಅವನ ಪರವಾಗಿ, ಅವನಿಗಾಗಿ ನೊಂದುಕೊಂಡು. ‘ತಾತ ಪ್ರಾಮಿಸ್ ತಗೊಂಡ್ರಂತೆ.’

ಮುದುಕಿ ಈಗ ತಲೆಯೆತ್ತಿ ಮಗನನ್ನು ನೋಡಿದಳು, ಕನ್ನಡಕದ ಮೇಲಿನಿಂದ. ಆ ಮನುಷ್ಯ ಅಂಥವರಲ್ಲ ಎಂದು ಆಕೆಗೆ ಗೊತ್ತಿತ್ತು. ಬಿಟ್ಟು ಬಂದವಳಾದರೂ ಅವರ ಜೊತೆ ಹತ್ತು ವರ್ಷ ಬಾಳಿದವಳು. ಹೌದು ಅನ್ನಲು ವ್ಯಾಸರಾಜ ಬಾಯಿ ತೆರೆದ. ಮೂರು ದಿನ ಹಿಡಿದ ಕೈ, ನಡುಗುವ ತುಟಿ, ಕೊನೆಯುಸಿರು, ಎಲ್ಲ ನಾಲಿಗೆಯ ತುದಿಯಲ್ಲಿ ಸಾಲಾಗಿ ನಿಂತಿದ್ದವು. ಒಂದೂ ಹೊರಡಲಿಲ್ಲ.

‘ಇಲ್ಲ,’ ಅಂದ. ಅಷ್ಟು ಸಣ್ಣ ದನಿ ತನಗಿದೆಯೆಂದು ಅವನಿಗೇ ಗೊತ್ತಿರಲಿಲ್ಲ. ‘ಅಪ್ಪ ಹೇಳಿಕೊಡಲಿಲ್ಲ. ಅಪ್ಪ ಬೇಡ ಅಂದ್ರು. ಅವಳು ಇದಾಳೆ, ಎಲ್ಲಾದ್ರೂ ಚೆನ್ನಾಗಿರಲಿ, ಅವಳ ಹೆಸರಿಗೆ ಮಾತ್ರ ನೀರು ಬಿಡಬೇಡ ಅಂದ್ರು. ಅಪ್ಪ ಹೋದ ವರ್ಷ ಪುರೋಹಿತರು, ತಾಯಿ ಇದಾರಾ ಅಂತ ಕೇಳಿದ್ರು. ಇದಾರೆ ಅಂದ್ರೆ, ಎಲ್ಲಿದಾರೆ, ಯಾಕೆ ಬಂದಿಲ್ಲ ಅಂತ ಕೇಳ್ತಾರಲ್ಲ. ನಾಲ್ಕು ಜನ ಕೂತಿದ್ರು. ಇಲ್ಲ ಅಂದೆ. ಯಾರೂ ಹೇಳಿಕೊಡಲಿಲ್ಲ ಅಮ್ಮ, ನಾನೇ ಅಂದೆ. ಮೂವತ್ತೊಂದು ವರ್ಷ. ಮೂರು ವರ್ಷದಿಂದ ನೀನು ಇಲ್ಲೇ ಇದೀಯ ಅಂತ ಗೊತ್ತಿತ್ತು, ಆಗ್ಲೂ ಬಿಟ್ಟೆ. ಇವತ್ತು ಬೆಳಿಗ್ಗೆನೂ ಬಿಟ್ಟೆ.’